ಹೆಬ್ಬೆರಳಿನಡಿಯ ಮುಖ

ಯಾರ ಮನೆಗೆ ಹೋದರೂ ಗೋಡೆಯ ಮೇಲಿನ ಹಳೆಯ ಫೋಟೋದ ಮುಂದೆ ನಿಂತು, ಅದರಲ್ಲಿದ್ದವರ ಮುಖವನ್ನು ಹೆಬ್ಬೆರಳಿನಿಂದ ಮುಚ್ಚಿಬಿಡುವುದು ನಮ್ಮ ಚಿತ್ರಕಾರರ ಅಭ್ಯಾಸವಾಗಿತ್ತು. ಮನೆಯವರು ಹುಬ್ಬೇರಿಸುತ್ತಿದ್ದರು, ತೀರಿಹೋದ ಅಜ್ಜನ ಮುಖದ ಮೇಲೆ ಹೆಬ್ಬೆಟ್ಟೊತ್ತುವ ಅತಿಥಿಯನ್ನು ಯಾರು ತಾನೇ ಮೆಚ್ಚುತ್ತಾರೆ? ಚಿತ್ರಕಾರರಿಗೆ ಅದರ ಪರಿವೆಯೇ ಇರುತ್ತಿರಲಿಲ್ಲ. ಮುಖ ಮರೆಯಾದ ಮೇಲೆ ಉಳಿಯುವುದನ್ನು, ಕುರ್ಚಿಯ ತೋಳನ್ನು ಬಿಗಿಹಿಡಿದ ಬೆರಳನ್ನು, ಹೊಸ ಬೂಟಿನಲ್ಲಿ ಸಂಕಟಪಡುತ್ತ ನಿಂತ ಕಾಲನ್ನು, ಪಕ್ಕದವರಿಗೆ ತಾಗದಂತೆ ಒಳಗೆಳೆದುಕೊಂಡ ಭುಜವನ್ನು, ಧ್ಯಾನಸ್ಥರಂತೆ ನೋಡುತ್ತ ನಿಂತುಬಿಡುತ್ತಿದ್ದರು. "ಮುಖ ಫೋಟೋಗೆ ಅಂತ ರೆಡಿಯಾಗಿ ಬಂದಿರುತ್ತೆ. ಕೈಗೆ ಅಷ್ಟು ಜಾಣತನ ಇರಲ್ಲ ಅಂತ ಕಾಣುತ್ತೆ," ಎಂದು ಒಮ್ಮೆ ನನಗೆ ಹೇಳಿದ್ದರು.

ಈ ‘ಅಂತ ಕಾಣುತ್ತೆ’ ಅವರ ಮಾತಿನ ಬಾಲ. ಹೊಟ್ಟೆ ತಾಳ ಹಾಕುತ್ತಿದ್ದರೂ ಹಸಿವಾಗಿದೆ ಅಂತ ಕಾಣುತ್ತೆ. ಮೈ ಕೆಂಡದಂತೆ ಸುಡುತ್ತಿದ್ದರೂ ಜ್ವರ ಬಂದಿದೆ ಅಂತ ಕಾಣುತ್ತೆ. ನಡಿಗೆಯೂ ಇಂಥದ್ದೇ. ನಾಲ್ಕು ಹೆಜ್ಜೆ ಮುಂದಿಡುವಷ್ಟರಲ್ಲಿ ಏನಾದರೂ ಕಣ್ಣಿಗೆ ಬಿತ್ತೆಂದರೆ, ತಮ್ಮ ಕ್ಯಾನ್ವಾಸಿನ ಮುಂದೆ ಇದ್ದೇನೆಂದೇ ಭಾವಿಸಿ ಹಿಂದಕ್ಕೆ ಸರಿದು, ತಲೆ ಓರೆ ಮಾಡಿ ನೋಡುತ್ತಿದ್ದರು. ನಡುಬೀದಿಯಲ್ಲಿ ಹೀಗೆ ಹಿಮ್ಮೆಟ್ಟಿ ಎಷ್ಟು ಜನರ ಕಾಲು ತುಳಿದು ಬೈಸಿಕೊಂಡರೋ ಲೆಕ್ಕವಿಲ್ಲ. ಜೊತೆಯಲ್ಲಿದ್ದ ತಪ್ಪಿಗೆ ಆ ಬೈಗುಳದಲ್ಲಿ ನನಗೂ ಪಾಲು ಸಿಕ್ಕಿದೆ. ಬೂದುಬಣ್ಣದ ಅವರ ಕೋಟಿನ ಎಡತೋಳು ಕುಂಚ ಒರೆಸಿ ಒರೆಸಿ ರಟ್ಟಿನಷ್ಟು ಗಡುಸಾಗಿತ್ತು.

ಅವರ ಕಸುಬು ಶುರುವಾದದ್ದು ಒಂದು ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ, ಕಿಟಕಿಗೆ ಅಂಟಿಕೊಂಡಿದ್ದ ಇಳಿಜಾರು ಮೇಜಿನ ಮುಂದೆ. ಫೋಟೋ ತೆಗೆಯುವ ಹೊತ್ತಿಗೆ ಸರಿಯಾಗಿ ರೆಪ್ಪೆ ಮುಚ್ಚಿದವರಿಗೆ ಕೂದಲೆಳೆಯಂಥ ಕುಂಚದಿಂದ ಕಣ್ಣು ತೆರೆಸುವುದು, ಸುಕ್ಕು ಅಳಿಸುವುದು, ಅಲುಗಾಡಿ ಮಸುಕಾದವರನ್ನು ತಿದ್ದಿ ನೆಟ್ಟಗೆ ಮಾಡುವುದು ಅವರ ಕೆಲಸ. ಸ್ಟುಡಿಯೋದವರು ಅವರನ್ನು ‘ಕಣ್ಣಿನ ಡಾಕ್ಟ್ರು’ ಎಂದೇ ಕರೆಯುತ್ತಿದ್ದರು. ಅವರ ಹತ್ತಿರ ಹೋದವರು ಯಾರೂ ಕುರುಡರಾಗಿ ಹಿಂದಿರುಗಿದ್ದಿಲ್ಲ ಎಂಬುದು ಅಲ್ಲಿಯ ತಮಾಷೆ.

ಹಾಗೆ ಪಳಗಿದ ಕೈಯೇ ಅವರನ್ನು ಮೋಸಗೊಳಿಸಿತು. ತಾಯಿ ತೀರಿಕೊಂಡಾಗ ಅವರಿನ್ನೂ ತೊದಲು ಮಾತಿನ ಕೂಸು. ಅಕ್ಕ ಆಗಷ್ಟೇ ಶಾಲೆಗೆ ಹೋಗತೊಡಗಿದ್ದರು. ತಾಯಿಯದೆಂದು ಮನೆಯಲ್ಲಿ ಉಳಿದಿದ್ದು ಒಂದೇ ಫೋಟೋ, ಮನೆಮಂದಿಯೆಲ್ಲ ಸಾಲಾಗಿ ಕೂತದ್ದು. ಅದರಲ್ಲಿ ಉಳಿದವರೆಲ್ಲ ಸ್ಪಷ್ಟವಾಗಿದ್ದರು. ತಾಯಿಯೊಬ್ಬರೇ ಆ ಕ್ಷಣದಲ್ಲಿ ತಲೆ ತಿರುಗಿಸಿದ್ದರಿಂದ ಅವರ ಮುಖವಿರಬೇಕಾದ ಕಡೆ ಬರಿಯ ಬಿಳಿ ಮಸುಕು ಮೂಡಿತ್ತು. ಹೆಸರು ಮಾಡಿದ ಹುಮ್ಮಸ್ಸಿನಲ್ಲಿ ನಮ್ಮ ಡಾಕ್ಟರು ಫೋಟೋದ ಪ್ರತಿ ತೆಗೆಸಿ, ಆ ಮುಖದ ಭಾಗವನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿಸಿ, ಅಕ್ಕನ ಹಣೆ, ಚಿಕ್ಕಮ್ಮನ ಮೂಗು, ಕನ್ನಡಿಯಲ್ಲಿ ಕಂಡ ತಮ್ಮದೇ ಕಣ್ಣು ಎಲ್ಲವನ್ನೂ ಕೂಡಿಸಿ, ತಾಯಿಗೊಂದು ಮುಖ ಬರೆದರು. ನೆಂಟರು ಥೇಟ್ ಅವಳೇ ಎಂದು ಬಾಯಿ ತುಂಬ ಹೊಗಳಿದರು. ತಂದೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದರು. ಅಕ್ಕ ಮಾತ್ರ ತುಟಿ ಬಿಚ್ಚಲಿಲ್ಲ. ಕೆಲವು ವರ್ಷಗಳಾದ ಮೇಲೆ ಒಂದು ದಿನ, ತೊಳೆದ ಪಾತ್ರೆ ಒರೆಸಿಡುತ್ತ, ತಮ್ಮನ ಕಡೆ ತಿರುಗದೆಯೇ ಅಂದರಂತೆ:

"ನಂಗೆ ಅಮ್ಮನ ಮುಖ ಒಂಚೂರು ನೆನಪಿತ್ತು ಕಣೋ. ಈಗ ಕಣ್ಣು ಮುಚ್ಚಿದ್ರೆ ನೀನು ಬರೆದಿದ್ದೇ ಬರುತ್ತೆ."

ಅಕ್ಕ ಬೈದಿದ್ದರೆ ವಾಸಿಯಿತ್ತು ಎಂದು ಅವರು ಎಷ್ಟೋ ಸಲ ನನ್ನೊಡನೆ ಹೇಳಿಕೊಂಡಿದ್ದರು. ಆ ವಾರವೇ ಸ್ಟುಡಿಯೋ ಬಿಟ್ಟರು. ಪಟವನ್ನು ಇಳಿಸಿ ಬೀರುವಿನ ಹಿಂದೆ ಸರಿಸಿದರು. ಗೋಡೆಯಿಂದ ಇಳಿಸಿದ್ದನ್ನು ಅಕ್ಕನ ಮನಸ್ಸಿನಿಂದ ಇಳಿಸುವ ಬಗೆ ಗೊತ್ತಿರಲಿಲ್ಲ. ಕಿತ್ತುಕೊಂಡದ್ದನ್ನು ಹೇಗಾದರೂ ಅಕ್ಕನಿಗೆ ಹಿಂದಿರುಗಿಸಬೇಕೆಂಬ ಹಂಬಲವೊಂದೇ ಮುಂದೆ ಅವರ ಬದುಕೂ ಆಯಿತು, ಕಲೆಯೂ ಆಯಿತು. ಪರಿಚಯದ ಮನೆಗಳಿಂದ ಹಳೆಯ ಫೋಟೋಗಳನ್ನು ಬೇಡಿ ತಂದು, ಸ್ಟುಡಿಯೋದವರು ಏನೇನನ್ನು ಅಳಿಸುತ್ತಿದ್ದರೋ ಅದನ್ನೇ ಬಿಡಿಸತೊಡಗಿದರು: ಮುಚ್ಚಿದ ರೆಪ್ಪೆ, ಕೂಸನ್ನು ಕೂರಿಸಲು ಪರದೆಯ ಹಿಂದಿನಿಂದ ಚಾಚಿದ ಯಾರದೋ ಕೈ, ಅಲುಗಿದವರ ಮಸುಕು. ಕಾಣದ ಮುಖವನ್ನು ಮಾತ್ರ ಬರೆಯಲೊಲ್ಲರು. ತನ್ನ ಅಜ್ಜಿಗೊಂದು ಮುಖ ಮಾಡಿಕೊಡಿ ಎಂದು ಬಂದ ಸಿರಿವಂತ ವ್ಯಾಪಾರಿಯನ್ನು, ಅದು ನನ್ನ ಹತ್ತಿರ ಇಲ್ಲ ಅಂತ ಕಾಣುತ್ತೆ ಎಂದು ಮೆತ್ತಗೆ ಸಾಗಹಾಕಿದರು. ಮೊದಮೊದಲು ಮೂಗು ಮುರಿದ ವಿಮರ್ಶಕರು ಬರಬರುತ್ತ ಅದನ್ನೇ ಶೈಲಿಯೆಂದು ಕೊಂಡಾಡಿದರು. ಹಾಗೆ ಕೊಂಡಾಡಿದವರಲ್ಲಿ ನಾನೂ ಒಬ್ಬ. ಅಕ್ಕ ಒಂದು ಪ್ರದರ್ಶನಕ್ಕೂ ಬರಲಿಲ್ಲ. ಹೊಗಳುವವರ ನಡುವೆ ನಿಂತು ಇವರು ಬಾಗಿಲ ಕಡೆ ನೋಡುತ್ತಿರುತ್ತಿದ್ದರು.

ಮುಪ್ಪಿನಲ್ಲಿ ಕೊನೆಗೂ ತಮ್ಮ ಮನೆಯ ಫೋಟೋವನ್ನೇ ಕೈಗೆತ್ತಿಕೊಂಡರು. ಗೋಡೆಯಗಲದ ಕ್ಯಾನ್ವಾಸು. ತಾಯಿಯ ಮುಖದ ಜಾಗದಲ್ಲಿ ಬಿಳಿ ಬಳಿಯುವುದು, ಅದು ಎಲ್ಲಾದರೂ ಕಣ್ಣುಮೂಗಿನಂತೆ ತೋರಿದರೆ ಕೆರೆದು ತೆಗೆಯುವುದು, ಮತ್ತೆ ಬಳಿಯುವುದು. ಮುಖ ಬರೆಯುವುದಕ್ಕಿಂತ ಬರೆಯದೆ ಉಳಿಸುವುದಕ್ಕೇ ಹೆಚ್ಚು ಬಣ್ಣ ಹಿಡಿಯಿತು. ಆ ಚಿತ್ರ ನೋಡಲು ಅಕ್ಕ ಬಂದರು, ನಾನೂ ಅಲ್ಲಿದ್ದೆ. ಕೋಲೂರಿಕೊಂಡು ಬಂದು ಎದುರಿನ ಬೆಂಚಿನ ಮೇಲೆ ಕೂತರು. ಆಮೇಲೆ, ತಮ್ಮನಿಂದ ಕಲಿತದ್ದೋ ತಮ್ಮನೇ ಇವರಿಂದ ಕಲಿತದ್ದೋ, ಕೂತಲ್ಲಿಂದಲೇ ಹೆಬ್ಬೆರಳೆತ್ತಿ ಆ ಮಸುಕನ್ನು ಮರೆಮಾಡಿದರು. ಕಂಡದ್ದು ತಾಯಿಯ ಬಲಗೈ: ಕುರ್ಚಿಯಿಂದ ಜಾರುತ್ತಿದ್ದ ಕೂಸಿನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದ ಕೈ. ಅಂದು ಮುಖವನ್ನಷ್ಟೇ ಕತ್ತರಿಸಿಕೊಂಡಾಗ ಚಿತ್ರಕಾರರು ಹೊರಗೆ ಬಿಟ್ಟಿದ್ದು ಅದನ್ನೇ.

"ನೀನು ಇಳಿದು ಓಡೋಕೆ ನೋಡ್ತಿದ್ದೆ," ಎಂದರು ಅಕ್ಕ. "ನಿನ್ನ ಹಿಡ್ಕೊಳ್ಳೋಕೇ ಆ ಕಡೆ ತಿರುಗಿದ್ಲು."

ಚಿತ್ರಕಾರರು ಅಂಜಂಜುತ್ತ, ಮುಖ ನೆನಪಾಯಿತೇ ಎಂದು ಕೇಳಿದರು.

"ಇಲ್ಲ ಕಣೋ, ಅದು ಹೋಯ್ತು. ಅಮ್ಮ ಬಂದ್ಲು."

ಇವರು ಹಿಂದಕ್ಕೆ ಸರಿಯಲಿಲ್ಲ, ತಲೆ ಓರೆ ಮಾಡಲಿಲ್ಲ. ಅಕ್ಕನ ಪಕ್ಕ ಕೂತು, "ಹೌದು, ಅಮ್ಮನೇ," ಎಂದರು. ಆ ಮಾತಿಗೆ ಬಾಲವಿರಲಿಲ್ಲ. ನಾನು ಅಲ್ಲಿ ನಿಲ್ಲಲಾರದೆ ಹೊರಗೆ ಬಂದುಬಿಟ್ಟೆ.

ಅಗಲಿದವರನ್ನು ನಾವೆಲ್ಲ ತಿದ್ದುತ್ತಲೇ ಇರುತ್ತೇವೆ. ಸಿಡುಕಿನ ತಂದೆಯನ್ನು ಸಾಧುವಾಗಿಸುತ್ತೇವೆ, ಮರೆತ ಕಡೆ ತೋಚಿದ್ದನ್ನು ತುಂಬಿ ಅದನ್ನೇ ನೆನಪೆಂದು ನಂಬುತ್ತೇವೆ. ನಡುನಡುವೆ ಇಂಥ ಕೆಲವರು ಹುಟ್ಟುತ್ತಾರೆ: ಒಮ್ಮೆ ತಿದ್ದಿ ಕಳೆದುಕೊಂಡವರು, ಆಮೇಲೆ ಕಾಣದ್ದನ್ನು ಕಾಣದೆಂದೇ ಬಿಟ್ಟು, ಅದರ ಸುತ್ತಲಿನದನ್ನೆಲ್ಲ ಜೀವವಿಟ್ಟು ಬರೆಯುವವರು. ಅವರ ಕೆಲಸ ನೋಡಿದರೆ ಅರ್ಧಕ್ಕೇ ಎದ್ದು ಹೋದಂತೆ ತೋರುತ್ತದೆ. ಅಗಲಿದವರು ಬಂದು ಕೂರಬೇಕಾದರೆ ಅಷ್ಟು ಖಾಲಿ ಜಾಗ ಬೇಕೇ ಬೇಕು.