ನೀಲಿ ರಟ್ಟು, ಹಸಿರು ರಟ್ಟು

ಎರಡು ದೇಶಗಳ ನಡುವೆ ಒಪ್ಪಂದವಾದಾಗ ಮಂತ್ರಿಗಳು ಸಹಿ ಹಾಕುವುದನ್ನು ಎಲ್ಲರೂ ಟಿವಿಯಲ್ಲಿ ನೋಡುತ್ತಾರೆ. ಆ ಹಾಳೆಗಳನ್ನು ಹೊಲಿದು ರಟ್ಟು ಕಟ್ಟಿದವನನ್ನು ಯಾರೂ ನೋಡುವುದಿಲ್ಲ. ವಿದೇಶಾಂಗ ಇಲಾಖೆಯಲ್ಲಿ ಮೂವತ್ತೊಂದು ವರ್ಷದಿಂದ ಆ ಕೆಲಸ ನನ್ನದು. ಜಂಭ ಅಂದುಕೊಂಡರೂ ಚಿಂತೆಯಿಲ್ಲ, ನನ್ನ ಹೊಲಿಗೆ ಬಿಚ್ಚಿಕೊಂಡ ಒಪ್ಪಂದ ಇದುವರೆಗೆ ಒಂದೂ ಇಲ್ಲ. ಮುರಿದುಬಿದ್ದವು ಇವೆ, ಅದು ಮಂತ್ರಿಗಳ ಕೈಗುಣ.

ಈ ಸಲದ್ದು ವ್ಯಾಪಾರದ ಒಪ್ಪಂದ. ನಮ್ಮ ಔಷಧಿ ಅವರ ಬಂದರಿಗೆ, ಅವರ ಮರ ನಮ್ಮ ಬಂದರಿಗೆ, ಸುಂಕ ಎರಡೂ ಕಡೆ ಅರ್ಧ. ಇಷ್ಟಕ್ಕೆ ನಾಲ್ಕು ವರ್ಷ ಮೀನಮೇಷ ಎಣಿಸಿದ್ದರು. ಇಂಥದ್ದಕ್ಕೆ ಎರಡು ಪ್ರತಿ. ನಾವು ಇಟ್ಟುಕೊಳ್ಳುವುದರಲ್ಲಿ ನಮ್ಮ ದೇಶದ ಹೆಸರು ಮೊದಲು, ಅವರು ಒಯ್ಯುವುದರಲ್ಲಿ ಅವರದು ಮೊದಲು. ನಮ್ಮದಕ್ಕೆ ಕಡುನೀಲಿ ರಟ್ಟು, ಅವರದಕ್ಕೆ ಕಡುಹಸಿರು. ಅದಲುಬದಲಾದರೆ ದೊಡ್ಡವರು ಮುಖ ಊದಿಸಿಕೊಳ್ಳುತ್ತಾರೆ.

ಒಂದು ವರ್ಷದಿಂದ ನನಗೆ ಆ ಎರಡು ಬಣ್ಣವೂ ಒಂದೇ ಥರ ಕಾಣುತ್ತಿದ್ದವು. ಕಣ್ಣಿನ ಪೊರೆ. ಆಪರೇಷನ್ ಮಾಡಿಸಿಕೋ ಎಂದು ಮನೆಯಲ್ಲಿ ತಂಗಿ ದಿನಾ ತಲೆ ತಿನ್ನುತ್ತಿದ್ದಳು. ಜಪ್ಪಯ್ಯ ಅಂದರೂ ನಾನು ಒಪ್ಪಿರಲಿಲ್ಲ. ಇಲಾಖೆಗೆ ಗೊತ್ತಾದರೆ ಸೂಜಿ ಕಿತ್ತುಕೊಂಡು ಕಡತದ ಕೋಣೆಯಲ್ಲಿ ಕೂರಿಸುತ್ತಾರೆಂಬ ಭಯ. ಸೂಜಿಯಿಲ್ಲದೆ ನಾನು ಯಾರಿಗೆ ಬೇಕು? ಕತ್ತರಿ ಹಿಡಿದ ಡಾಕ್ಟರ ಭಯವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಸಹಿ ಹನ್ನೊಂದಕ್ಕೆ. ಒಂಬತ್ತೂವರೆಗೆ ಆ ದೇಶದ ಬೈಂಡರು, ಅಲ್ಲಿ ನನ್ನ ಹಾಗೆಯೇ ರಟ್ಟು ಕಟ್ಟುವವರೊಬ್ಬರು, ಪ್ರತಿಗಳನ್ನು ಪರಿಶೀಲಿಸಲು ನನ್ನ ಕೋಣೆಗೆ ಬಂದರು. ಅವರು ಒಪ್ಪಿದ ಮೇಲೆಯೇ ಅರಗಿನ ಮುದ್ರೆ. ನನ್ನದೇ ವಯಸ್ಸು. ಅವರಿಗೆ ನಮ್ಮ ಭಾಷೆ ಬಾರದು, ನನಗೆ ಅವರದು ಬಾರದು. ಎರಡೂ ರಟ್ಟು ತೆರೆದು ನನ್ನ ಮುಂದಿಟ್ಟು ಮೊದಲ ಸಾಲಿನ ಮೇಲೆ ಬೆರಳಿಟ್ಟರು. ನಮ್ಮ ರಟ್ಟಿನಲ್ಲಿ ಅವರ ಪ್ರತಿ, ಅವರ ರಟ್ಟಿನಲ್ಲಿ ನಮ್ಮದು.

ಅವರ ಸಾಹೇಬರೆಲ್ಲ ಪಡಸಾಲೆಯಲ್ಲೇ ಇದ್ದರು. ಒಂದು ಕೂಗು ಹಾಕಿದ್ದರೆ ನನ್ನ ಕಥೆ ಮುಗಿಯುತ್ತಿತ್ತು. ಅವರು ಬಾಗಿಲು ಮುಚ್ಚಿದರು. ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಎರಡೂ ಹೊಲಿಗೆ ಕತ್ತರಿಸಿ, ನಮ್ಮ ಪ್ರತಿ ತಾವು ತೆಗೆದುಕೊಂಡು ತಮ್ಮದನ್ನು ನನ್ನತ್ತ ತಳ್ಳಿದರು.

ಸೂಜಿಗೆ ದಾರ ಪೋಣಿಸಲು ನಾಲ್ಕು ಸಲ ನೋಡಿದೆ, ಆಗಲಿಲ್ಲ. ಅವರೇ ಪೋಣಿಸಿ ಕೊಟ್ಟರು. ಆಮೇಲೆ ತಮ್ಮ ಎಡಗಣ್ಣು ತೋರಿಸಿ, ಅಂಗೈ ಮೇಲೆ ಕೆನ್ನೆಯಿಟ್ಟು ಮಲಗಿದ ಹಾಗೆ ಮಾಡಿ, ಎದ್ದು ಕಣ್ಣರಳಿಸಿ, ಸೂಜಿಯನ್ನು ಎತ್ತಿ ಆಡಿಸಿದರು. ತಮಗೂ ಆಪರೇಷನ್ ಆಗಿದೆ, ಸೂಜಿ ಇನ್ನೂ ತಮ್ಮ ಕೈಯಲ್ಲೇ ಇದೆ ಅಂತ. ಅರ್ಥವಾಗದಿರಲು ನಾನೇನು ಮಗುವೇ.

ಅರ್ಧ ಹೊಲಿಯುವಷ್ಟರಲ್ಲಿ ನಮ್ಮ ಅಧಿಕಾರಿ ಮೇಡಂ ಒಳಗೆ ಬಂದರು. ಆ ಬೈಂಡರು, ಕತ್ತರಿಸಿದ ದಾರ ತೋರಿಸಿ, ಹೊಲಿಗೆ ಸರಿಯಿಲ್ಲವೆಂದು ತಲೆಯಾಡಿಸಿ, ಬಿಚ್ಚಿಸಿದ್ದು ತಾವೇ ಎಂದು ಎದೆ ಮುಟ್ಟಿಕೊಂಡರು. ಇವರ ದೇಶದವರದು ಎಲ್ಲದಕ್ಕೂ ತಕರಾರು ಎಂದು ಮೇಡಂ ನನ್ನ ಕಡೆ ತಿರುಗಿ ಗೊಣಗಿದರು.

ಹೌದೆಂದಿದ್ದರೆ ನಾನು ಬಚಾವು. ಆದರೆ ನನ್ನ ಮಾನ ಮುಚ್ಚಿದವರಿಗೆ ಕೆಟ್ಟ ಹೆಸರು ಬರುವುದನ್ನು ಕೇಳಿಕೊಂಡು ಕೂರಲು ಮನಸ್ಸು ಒಪ್ಪಲಿಲ್ಲ.

"ತಕರಾರು ಅವರದಲ್ಲ ಮೇಡಂ. ಪ್ರತಿ ಅದಲುಬದಲು ಮಾಡಿದ್ದು ನಾನು. ನನಗೆ ಈ ಎರಡು ಬಣ್ಣ ಗೊತ್ತಾಗ್ತಿಲ್ಲ."

ಮೇಡಂ ಗಡಿಯಾರ ನೋಡಿದರು. ಎಷ್ಟು ಹೊತ್ತು ಬೇಕೆಂದು ಕೇಳಿದರು. ಅರ್ಧ ಗಂಟೆ ಎಂದೆ.

"ಮುಗಿಸಿ. ನಾಳೆಯಿಂದ ಸೂಜಿ ಮುಟ್ಟಬೇಡಿ. ಕಣ್ಣು ಸರಿಯಾಗಿದೆ ಅಂತ ಡಾಕ್ಟರ ಚೀಟಿ ತರೋವರೆಗೂ."

ತರೋವರೆಗೂ ಅಂದರಲ್ಲ, ಅಷ್ಟೇ ಸಾಕಾಗಿತ್ತು ನನಗೆ.

ಹನ್ನೊಂದಕ್ಕೆ ಮಂತ್ರಿಗಳು ಸಹಿ ಹಾಕಿ ಕೈ ಕುಲುಕಿದರು. ನಮ್ಮ ಪ್ರತಿಯಲ್ಲಿ ಅವರ ಹೊಲಿಗೆ, ಅವರದರಲ್ಲಿ ನನ್ನದು. ಹಿಂದೆ ಗೋಡೆಗೊರಗಿ ನಿಂತಿದ್ದ ನಾವಿಬ್ಬರೂ ಚಪ್ಪಾಳೆ ತಟ್ಟಿದೆವು.

ಸಂಜೆ ತಂಗಿಗೆ ಎಲ್ಲ ಹೇಳಿ, ಆಸ್ಪತ್ರೆಗೆ ಯಾವತ್ತು ಹೋಗೋಣ ಎಂದೆ. ಅವಳು ಮಡಿಚುತ್ತಿದ್ದ ಬಟ್ಟೆ ಕೆಳಗಿಟ್ಟಳು.

"ಒಂದು ವರ್ಷ ನಿನ್ನ ಭಾಷೇಲೇ ಬಡ್ಕೊಂಡೆ. ಭಾಷೆ ಬರದವರು ಹೇಳಿದ್ದು ಒಂದೇ ಸಲಕ್ಕೆ ಅರ್ಥ ಆಯ್ತಾ ಅಣ್ಣ?"

ಎದ್ದು ಹೋಗಿ ಬೀರುವಿನಿಂದ ಆಸ್ಪತ್ರೆಯ ಚೀಟಿ ತಂದಳು. ನನಗೆ ಓದಲಾಗದೆಂದು ತಾನೇ ಓದಿದಳು. ಬರುವ ಸೋಮವಾರದ ತಾರೀಕು ಇತ್ತು. ಅದರ ಮೇಲೆ ಹೊಡೆದುಹಾಕಿದ ಹಳೆಯ ತಾರೀಕುಗಳು ಐದು.