ತಾಳ್ಮೆ ಬೇಕಾದ ಕೋರ್ಸು

ಪ್ರಾಥಮಿಕ ಶಾಲೆಯ ಮಕ್ಕಳಿಗೂ ವಿಶೇಷ ಮಕ್ಕಳಿಗೂ ಪಾಠ ಹೇಳಲು ಕಲಿಸುವ ಪದವಿಗೆ ಸೇರಬೇಕೆಂದು ಹುಡುಗಿ ವಿಶ್ವವಿದ್ಯಾಲಯದ ಸಲಹೆಗಾರರ ಮುಂದೆ ಕೂತಳು. ಅವಳಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಸಲಹೆಗಾರರು ಕಂಪ್ಯೂಟರಿನತ್ತ ಮುಖ ಮಾಡಿ ನಾಲ್ಕು ವರ್ಷದ ಓದನ್ನು ಒಂದೇ ಉಸಿರಿನಲ್ಲಿ ಒದರಿದರು.

“ಸರ್, ಇನ್ನೊಂದ್ಸಲ ಹೇಳ್ತೀರಾ? ಈ ಕಿವಿ ಕೇಳ್ಸಲ್ಲ.”

“ನೋಡಮ್ಮ, ಈ ಕೋರ್ಸಿಗೆ ಮುಖ್ಯವಾಗಿ ಬೇಕಾಗಿರೋದು ತಾಳ್ಮೆ. ಎಷ್ಟು ಸಲ ಅಂತ ಹೇಳ್ಲಿ?” ಎಂದು ಸಿಡುಕಿದರು. ಹೇಳಿದ್ದು ಒಂದೇ ಸಲ.

ಅವಳು ಹಾಳೆ, ಪೆನ್ನು ಮುಂದಿಟ್ಟಳು. “ನಿಧಾನಕ್ಕೆ ಬರೀರಿ ಸರ್.”

ಮೂವತ್ತು ವರ್ಷ ಶಿಕ್ಷಕರನ್ನು ತಯಾರು ಮಾಡಿದ ಮಹಾನುಭಾವರು ಎಂಟು ಸೆಮಿಸ್ಟರನ್ನೂ ಬರೆದರು. ವಿಶೇಷ ಶಿಕ್ಷಣದ ತರಬೇತಿಯೊಂದನ್ನೇ ಮರೆತಿದ್ದರು.

ಅವಳು ಗದರಲಿಲ್ಲ. ಬಿಟ್ಟುಹೋದದ್ದನ್ನು ತೋರಿಸಿ, “ಪರವಾಗಿಲ್ಲ ಸರ್, ಇನ್ನೊಂದ್ಸಲ ಪ್ರಯತ್ನ ಮಾಡಿ” ಎಂದಳು.

ಎರಡನೇ ಸಲ ಸರಿಯಾಗಿ ಬರೆದರು. ಅವಳು ಅಂದೇ ಅರ್ಜಿ ಕೊಟ್ಟಳು.