ಕಾಂಛಾ

ಬಿಳಿ ಮೀಸೆ, ಓರೆ ಟೋಪಿ — ಚಂದ್ರಾ ಲೇಔಟಿನ ದರ್ಶಿನಿಯ ಟಿವಿಯಲ್ಲಿ, ಇಡ್ಲಿ ಹಬೆಯ ಹಿಂದೆ, ಕೆಳಗೆ ಓಡುವ ಅಕ್ಷರ, ಫೀಲ್ಡ್ ಮಾರ್ಷಲ್ ಮಾಣೆಕ್‌ಷಾ ಇನ್ನಿಲ್ಲ, ಹೋಗಿಬಿಟ್ಟರೇ, ಕೆಂಚಪ್ಪನ ಕಾಫಿ ಲೋಟ ತುಟಿಯ ಬಳಿಯೇ ನಿಂತಿತು, ತೊಂಬತ್ತು ದಾಟಿದ ತುಂಬು ಬಾಳು, ಅಳುವಂಥದ್ದಲ್ಲ, ಸೆಲ್ಯೂಟ್ ಹೊಡೆಯಬೇಕು, ಲೋಟ ಹಿಡಿದ ಕೈಯಲ್ಲಿ ಹೇಗೆ — ಸ್ಯಾಮ್ ಬಹದ್ದೂರ್, ಹಾಗೆ ಕರೆದವನು ಒಬ್ಬ ಗೂರ್ಖಾ ಜವಾನನಂತೆ, ಉದ್ದದ ಪಾರ್ಸಿ ಹೆಸರು ನಾಲಿಗೆಗೆ ಹೊರಳದೆ ತಮ್ಮ ಕಡೆಯ ಹೆಸರನ್ನೇ ಸೇರಿಸಿಬಿಟ್ಟನಂತೆ, ಕಥೆ ಹೇಳಿದವನು ಧನ್ ಬಹದ್ದೂರ್, ಎಪ್ಪತ್ತೊಂದರ ಯುದ್ಧ, ಬಂಗಾಳದ ಕೆಸರು, ಗೂರ್ಖಾ ಪಲ್ಟನ್ನಿನ ರೇಷನ್ ಲಾರಿ ಓಡಿಸುತ್ತಿದ್ದಾನೆ ಕೆಂಚಪ್ಪ, ಪಕ್ಕದಲ್ಲಿ ಅವನು, ನಿನ್ನ ಹೆಸರೂ ಹೊರಳಲ್ಲ ಭಾಯಿ, ಕೆಂಚ್, ಕೆಂಚ್, ಹಾ, ಕಾಂಛಾ, ನಮ್ಮಲ್ಲಿ ಮನೆಯ ಕಿರಿಮಗನನ್ನು ಹಾಗೇ ಕೂಗೋದು — ಅತ್ತಿಗುಪ್ಪೆಯ ಮನೆಯಲ್ಲಿ ಕೆಂಚಪ್ಪ ಎಲ್ಲರಿಗೂ ಹಿರಿಯಣ್ಣ, ಅಪ್ಪ ಸತ್ತಮೇಲೆ ಮೀಸೆ ಮೂಡುವ ಮುಂಚೆಯೇ ಯಜಮಾನ, ಆ ಲಾರಿಯೊಳಗೆ ಮಾತ್ರ ಕಿರಿಯ, ನೀನು ಮಲಗು ಕಾಂಛಾ, ಕಾವಲಿಗೆ ನಾನಿದ್ದೀನಿ. ಢಾಕಾ ಶರಣಾಗುವ ಮುನ್ನವೇ ಧನ್ ಬಹದ್ದೂರ್ ಗುಂಡೇಟಿಗೆ ಹೊಳೆದಂಡೆಯಲ್ಲಿ ಉಳಿದ, ಅವನ ಜೊತೆ ಆ ಹೆಸರೂ, ಊರಿಗೆ ಬಂದರೆ ಮತ್ತೆ ಅಣ್ಣ, ಆಮೇಲೆ ದೊಡ್ಡಪ್ಪ, ಹೊಲ ಸೈಟಾಗಿ ಮನೆ ಎದ್ದಮೇಲೆ ಬಾಡಿಗೆಯವರಿಗೆ ಓನರ್ ಸಾರ್.

ಯಾಕ್ರೀ, ಕಾಫಿ ಆರೋಗ್ತಾ ಇದೆ, ಎದುರಿಗೆ ಹೆಂಡತಿ ಅಕ್ಕಯ್ಯಮ್ಮ, ಕಂಕುಳಲ್ಲಿ ಸೊಪ್ಪಿನ ಚೀಲ, ಕೈಯಲ್ಲಿ ವಡೆ, ಅವಳಿಗೂ ಹೇಳಿಲ್ಲ ಇಷ್ಟು ವರ್ಷ, ಸತ್ತವನ ಬಾಯಿಯ ಮಾತು, ಬೇರೆ ಬಾಯಿಗೆ ಹೋದರೆ ಸವೆದೀತೆಂದು — ಇವತ್ತು ಹೇಳಿಬಿಟ್ಟ, ಟೇಬಲ್ಲಿಗೆ ಮೊಣಕೈ ಊರಿ, ಲಾರಿ, ಹೊಳೆ, ಹೆಸರು, ಎಲ್ಲ. ಅವಳು ವಡೆ ಅಗಿಯುವುದನ್ನೇ ನಿಲ್ಲಿಸಿದಳು, ಗಂಡನ ಹೆಸರನ್ನು ಎಂದೂ ಬಾಯಲ್ಲಿ ಎತ್ತದವಳು, ಆಸ್ಪತ್ರೆಯಲ್ಲಿ ಯಜಮಾನ್ರ ಹೆಸರೇನಮ್ಮಾ ಎಂದರೆ ಮಗಳ ಮುಖ ನೋಡುವವಳು, ಹಂಗಾದ್ರೆ ಅದು ನಿಮ್ಮ ಹೆಸರಲ್ಲ ಅಲ್ವಾ? ಅಲ್ಲ ಕಣೇ, ಅವನು ಇಟ್ಟಿದ್ದು. ಹಂಗಾದ್ರೆ ನಾನು ಕರೀಬೋದು — ಸುತ್ತ ನೋಡಿದಳು, ಸೆರಗು ಎಳೆದುಕೊಂಡಳು, ಹೊಸ ಮದುಮಗಳ ಹಾಗೆ ಕೆಂಪಾದಳು, ಕಾಫಿ ಕುಡಿ ಕಾಂಛಾ. ಕುಡಿ ಅಂದಳಲ್ಲ, ಕುಡೀರಿ ಅಲ್ಲ, ಕುಡಿ, ಸವೆಯಲಿಲ್ಲ, ಒಂದಿಷ್ಟೂ ಸವೆಯಲಿಲ್ಲ ಧನ್ ಬಹದ್ದೂರ್, ಟಿವಿ ಬೇರೇನೋ ಹೇಳುತ್ತಿದೆ, ಯಾರೋ ಟೋಕನ್ ನಂಬರ್ ಕೂಗುತ್ತಿದ್ದಾರೆ, ಅವಳ ಬಾಯಿ, ಹಲ್ಲಿನ ಸಂದಿಯಲ್ಲಿ ಕರಿಬೇವಿನ ಚೂರು, ಇನ್ನೊಂದ್ಸಲ ಅನ್ನೇ, ಥೂ ಹೋಗ್ರೀ ಎನ್ನುತ್ತಲೇ ಮತ್ತೆ ತೆರೆಯುವ ಆ ಬಾಯಿ, ಆ ಕರಿಬೇವಿನ ಚೂರು, ಮತ್ತೆ ಆ ಬಾಯಿ